ಶ್ರೀ ಪರಶುರಾಮ ದಂಪತಿಗಳು

ತನ್ನ ಮದುವೆಯಾಗಿದೆ ಅನ್ನುವ ಸುದ್ದಿ ರಶ್ಮಿತಾಳಿಗೆ ಗೊತ್ತಾಗಿದ್ದು ಅಪ್ಪನ ಫೋನಿನಿಂದ. ಡಿಸೆಂಬರಿನ ಒಂದು ಸೋಮವಾರ, ಬೆಳಿಗ್ಗೆ ಹತ್ತೂವರೆ. ಹರಿಹರದ ಕೈಗಾರಿಕಾ ಪ್ರದೇಶದ ತನ್ನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಗ್ಲೌಸ್ ಕಳಚಿ ಆಗಷ್ಟೇ ಚಹಾ ಲೋಟ ಹಿಡಿದಿದ್ದಳು.

"ಏನವ್ವಾ, ನಿನ್ನ ಮದುವಿ ಆಗೈತಂತಲ್ಲ," ಎಂದರು ಕೊಟ್ಟೂರಪ್ಪ. ಕಬ್ಬಿಣದ ಅಂಗಡಿಯಲ್ಲಿ ಕೂತು ಮಾತಾಡುತ್ತಿದ್ದರು, ಹಿಂದೆ ಯಾರೋ ಸರಳು ಎಳೆಯುವ ಸದ್ದು. "ಒಂದು ಮಾತು ಹೇಳಿದ್ರೆ ಊಟಕ್ಕಾದ್ರೂ ಬರ್ತಿದ್ದೆ."

"ಯಾರ ಮದುವಿ ಅಪ್ಪಾಜಿ?"

"ನಂದಂತೂ ಅಲ್ಲ. ಬೆಳಗ್ಗಿಂದ ಆರು ಜನ ಕಂಗ್ರಾಟ್ಸ್ ಹೇಳಿದ್ರು, ಒಬ್ಬರು ಪೇಡೆ ಕೇಳಿದ್ರು. ವಾಟ್ಸಾಪ್ ನೋಡು."

ನೋಡಿದಳು. ದಾವಣಗೆರೆಯಲ್ಲಿ ಗುರುವಾರ, ಶುಕ್ರವಾರ ನಡೆಯಲಿದ್ದ ಉದ್ಯಮ ಸಮಾವೇಶದ ಆಮಂತ್ರಣ. ಆರ್ಥಿಕತೆ, ತಂತ್ರಜ್ಞಾನ, ಕೃಷಿ, ಇಂಧನ ಎಂದು ನಾಲ್ಕು ಗೋಷ್ಠಿ, ಹೊರಗೆ ಯಂತ್ರಗಳ ಪ್ರದರ್ಶನ. ನಮ್ಮ ಕಡೆಯ ಕಾರ್ಡುಗಳ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಕಾರ್ಯಕ್ರಮ ಹೇಗಾದರೂ ನಡೆಯಲಿ, ಯಾರೂ ಏನೂ ಅನ್ನುವುದಿಲ್ಲ. ಕಾರ್ಡಿನಲ್ಲಿ ಒಬ್ಬ ಗಣ್ಯರ ಹೆಸರು ಬಿಟ್ಟುಹೋಯಿತೋ, ಎರಡು ಮನೆತನಗಳಿಗೆ ಹತ್ತು ವರ್ಷ ಮಾತಿರುವುದಿಲ್ಲ. ಹಾಗಾಗಿ ಉದ್ಘಾಟಕರು, ಅಧ್ಯಕ್ಷರು, ಗೌರವ ಉಪಸ್ಥಿತರು, ವಿಶೇಷ ಆಹ್ವಾನಿತರು ಎಲ್ಲರೂ ಕಾರ್ಡಿನ ತುಂಬ ಹರಡಿಕೊಂಡು ಕೂತಿದ್ದರು. ತೀರಾ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ಸನ್ಮಾನಿತರ ಪಟ್ಟಿ ಇತ್ತು.

"ಸಂಚಾರಿ ಭತ್ತ ಒಣಗಿಸುವ ಯಂತ್ರ: ಶ್ರೀ ಪರಶುರಾಮ ದಂಪತಿಗಳು, ಹರಿಹರ."

'ದಂಪತಿಗಳು' ಎಂದು ಓದಿದ ತಕ್ಷಣ ಅವಳ ಕಿವಿ ಬಿಸಿಯಾದದ್ದು ಸುಳ್ಳಲ್ಲ. ಇನ್ನೊಮ್ಮೆ ಓದಿದಳು. ಆಗ ಕಂಡಿತು, ತನ್ನ ಹೆಸರೇ ಇಲ್ಲ. ಡ್ರಾಯಿಂಗ್ ಹಾಕಿದ್ದು ಅವಳು, ತಗಡು ಕತ್ತರಿಸಿದ್ದು ಅವಳು, ಏಳು ಸಲ ಯಂತ್ರದ ಒಲೆ ಕೆಟ್ಟಾಗ ಏಳು ಸಲವೂ ಬಿಚ್ಚಿ ಕೂತದ್ದು ಅವಳು. ಕಾರ್ಡಿನಲ್ಲಿ ಮಾತ್ರ ಒಬ್ಬ ಗಂಡಸಿನ ಹೆಸರು, ಅವನ ಬೆನ್ನಿಗೆ ಒಂದು ಬಹುವಚನ. ಕಿವಿಯ ಬಿಸಿ ನೆತ್ತಿಗೇರಿತು.

ಈ ಯಂತ್ರ ಹುಟ್ಟಿದ್ದೇ ಒಂದು ಜಗಳದಿಂದ. ಎರಡು ವರ್ಷದ ಹಿಂದೆ ಇದೇ ಸುಗ್ಗಿಯ ಹೊತ್ತಿನಲ್ಲಿ ಅವಳು ಸ್ಕೂಟಿಯಲ್ಲಿ ಭಾನುವಳ್ಳಿಗೆ ಹೊರಟಿದ್ದಳು. ಡಾಂಬರು ರಸ್ತೆಯ ಅರ್ಧಕ್ಕೆ ಹಸಿ ಭತ್ತ ಹರವಿದ್ದರು. ಗಾಡಿ ಜಾರಿತು, ರಶ್ಮಿತಾ ಭತ್ತದ ಮೇಲೆ ಕುಕ್ಕರಿಸಿದಳು. ಬಿಳಿ ಟವೆಲು ಹೆಗಲಿಗೆ ಹಾಕಿದ್ದ ಒಬ್ಬ ತರುಣ ಎದ್ದೂಬಿದ್ದೂ ಓಡಿ ಬಂದು ಹೇಳಿದ ಮೊದಲ ಮಾತು, "ಅಲ್ಲಾಡಬ್ಯಾಡ್ರಿ, ಕಾಳು ಚೆಲ್ತಾವೆ."

"ಕೈಕಾಲು ನೆಟ್ಟಗದಾವೋ ಇಲ್ಲೋ ಅದನ್ನ ಕೇಳ್ರಿ ಮೊದ್ಲು."

"ಭತ್ತದ ಮ್ಯಾಲೆ ಬಿದ್ದೋರಿಗೆ ಏನೂ ಆಗಲ್ರಿ. ಭತ್ತಕ್ಕೆ ಆಗ್ತೈತೆ."

"ರಸ್ತೆ ಏನು ನಿಮ್ಮನಿ ಅಂಗಳಾನಾ?"

"ಅಲ್ರಿ. ಅಷ್ಟು ಕಾಳಜಿ ಇದ್ರೆ ಬ್ಯಾರೆ ಅಂಗಳ ಮಾಡಿಕೊಡ್ರಿ. ಮಳೆ ಮೋಡ ಬಂದೈತೆ, ಜಲ್ದಿ ಆಗಬೇಕು."

ಅವಳು ಮೆಕ್ಯಾನಿಕಲ್ ಇಂಜಿನಿಯರ್ ಎಂದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ಅಂಗಳ ಸಿದ್ಧವಾಯಿತು, ಟ್ರಾಲಿಯ ಮೇಲೆ ಕೂರುವ ಅಂಗಳ. ಕೆಳಗೆ ಭತ್ತದ ಹೊಟ್ಟು ಉರಿಯುವ ಒಲೆ, ಮೇಲೆ ಸೋಲಾರಿನಲ್ಲಿ ತಿರುಗುವ ಫ್ಯಾನು. ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಊರೂರಿಗೆ ಹೋಗಿ ಹಸಿ ಭತ್ತ ಒಣಗಿಸಿ ಕೊಡುವ ಕೆಲಸ. ರಸ್ತೆಯಲ್ಲಿ ಜಗಳವಾಡಿದ ಆ ತರುಣ, ಪರಶುರಾಮ, ಅವಳ ಪಾಲುದಾರನಾದ. ಕೊಕ್ಕನೂರಿನಿಂದ ಹಿಡಿದು ಕಾಲುವೆಯ ಕೊನೆಯವರೆಗೆ ಯಾರ ಗದ್ದೆ ಯಾವತ್ತು ಕೊಯ್ಲಿಗೆ ಬರುತ್ತದೆ, ಯಾವ ತಳಿ ಎಷ್ಟು ಬಿಸಿ ತಡೆಯುತ್ತದೆ, ಎಲ್ಲವೂ ಅವನ ನಾಲಿಗೆ ತುದಿಯಲ್ಲಿತ್ತು. ಜಾಸ್ತಿ ಬಿಸಿಯಾದರೆ ಗಿರಣಿಯಲ್ಲಿ ಅಕ್ಕಿ ನುಚ್ಚಾಗುತ್ತದೆ ಎಂದು ಹೇಳಿ ಅವಳ ಮೊದಲ ಮೂರು ಡ್ರಾಯಿಂಗುಗಳನ್ನು ತಿರುಗಿಸಿ ಕಳಿಸಿದ್ದೂ ಅವನೇ.

ಅವಳು ಮೀಟರ್ ಇಟ್ಟು ತೇವ ಅಳೆಯುವ ಮೊದಲೇ ಅವನು ಒಂದು ಕಾಳನ್ನು ಹಲ್ಲಿನ ನಡುವೆ ಕಟ್ ಅನ್ನಿಸಿ "ಹದಿನೈದು" ಅನ್ನುತ್ತಿದ್ದ. ಮೀಟರು ಹದಿನೈದೂ ಚಿಲ್ಲರೆ ತೋರಿಸುತ್ತಿತ್ತು. ಆಗ ಮಾತಾಡದೆ ಎಡಗಡೆಯ ಹುಬ್ಬೊಂದನ್ನೇ ಏರಿಸಿ ಅವಳನ್ನು ನೋಡುತ್ತಿದ್ದ. ಆ ಹುಬ್ಬು ನೋಡುವ ಆಸೆಗೆ ಬೇಕಿಲ್ಲದ ದಿನವೂ ಅವಳು ಮೀಟರ್ ಹಿಡಿದು ಹೋಗುತ್ತಿದ್ದಳು. ಇದನ್ನು ಅವಳು ತನಗೆ ತಾನೇ ಎಂದೋ ಒಪ್ಪಿಕೊಂಡಾಗಿತ್ತು. ಅವನಿಗೆ ಹೇಳಿರಲಿಲ್ಲ, ಅಷ್ಟೇ. ಅವಳದು ಹರಿಹರದ ಹಳೇ ಲಿಂಗಾಯತ ವ್ಯಾಪಾರಸ್ಥರ ಮನೆ, ಅವನ ತಂದೆ ಮಾರಪ್ಪ ಅವರಿವರ ಗದ್ದೆಯಲ್ಲಿ ಕೂಲಿ ಮಾಡಿ ಎರಡು ಎಕರೆ ಮಾಡಿದವರು. ಹೇಳಿದ ಮೇಲೆ ಏನೇನು ಏಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅಪ್ಪನ ಫೋನು ಇಟ್ಟು ಅರ್ಧ ಗಂಟೆಯಾಗಿರಲಿಲ್ಲ, ವರ್ಕ್‌ಶಾಪಿನ ಮುಂದೆ ಟ್ರ್ಯಾಕ್ಟರ್ ನಿಂತಿತು. ಪರಶುರಾಮ ಇಳಿದ. ಸೋಮವಾರ ಬೆಳಿಗ್ಗೆ ಯಾವತ್ತೂ ಇಲ್ಲದ ಶೇವಿಂಗು, ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ನೀಲಿ ಅಂಗಿ. ಕಣ್ಣಲ್ಲಿ ಅಡಗಿಸಿಟ್ಟ ನಗು ತುಳುಕುತ್ತಿತ್ತು.

"ಕಾರ್ಡ್ ನೋಡಿದ್ರಾ ಮೇಡಂ?"

"ನೋಡಿದೆ. ಮೈಯೆಲ್ಲ ಉರೀತೈತೆ ನಂಗೆ. ಇಷ್ಟು ದೊಡ್ಡ ತಪ್ಪು ಹೆಂಗೆ ಮಾಡ್ತಾರೆ ಜನ? ಇದನ್ನ ಸರಿ ಮಾಡಿಸ್ಲೇಬೇಕು, ಇವತ್ತೇ."

ಅವನ ಕಣ್ಣಿನ ನಗು ಮೆಲ್ಲಗೆ ಒಳಗೆ ಹೋಯಿತು. ಒಂದು ಕ್ಷಣ ಟ್ರ್ಯಾಕ್ಟರಿನ ಟಯರು ನೋಡಿದ. "ಅಷ್ಟು ದೊಡ್ಡ ತಪ್ಪು ಅಂತೀರಾ?"

"ಮತ್ತೆ? ನಾಲ್ಕು ಜನದ ಮುಂದೆ ನಾನು ಹೆಂಗೆ ತಲೆ ಎತ್ತಲಿ?"

"ಆತು ಬಿಡ್ರಿ," ಎಂದ. "ನಾನೇ ದಾವಣಗೆರೆಗೆ ಹೋಗಿ ಹೇಳಿ ಬರ್ತೀನಿ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

ಚಹಾ ಕುಡಿಯದೆ ಹೋದ. ಅವಳಿಗೆ ಆಗಲೇ ಏನೋ ಚುರುಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಸಿಟ್ಟಿನಲ್ಲಿರುವವರಿಗೆ ಎದುರಿನವರ ಮುಖ ಸರಿಯಾಗಿ ಕಾಣುವುದಿಲ್ಲ ನೋಡಿ. ಆಮೇಲೆ ಮೂರು ದಿನ ಅವನು ಫೋನಿನಲ್ಲಿ ಕೆಲಸದ ಮಾತಷ್ಟೇ ಆಡಿದ. ಸುಗ್ಗಿಯ ಗಡಿಬಿಡಿ ಎಂದುಕೊಂಡಳು.

ಶುಕ್ರವಾರ, ಸಮಾವೇಶದ ಎರಡನೇ ದಿನ. ದಾವಣಗೆರೆಯ ಆ ದೊಡ್ಡ ಹಾಲಿನ ಮುಂದೆ ಕಾರುಗಳ ಸಾಲು, ಒಳಗೆ ಎಸಿಯ ತಂಪು, ಕೊರಳಿಗೆಲ್ಲ ಬ್ಯಾಡ್ಜು. ಬೆಳಗಿನ ಕೃಷಿ ಗೋಷ್ಠಿಯಲ್ಲಿ ರಶ್ಮಿತಾ ಹದಿನೈದು ನಿಮಿಷ ಮಾತಾಡಿದಳು. ಗಿರಣಿಯ ಹೊಟ್ಟು ಗಿರಣಿಯ ಹಿಂದೆ ಗುಡ್ಡೆಯಾಗಿ ಬಿದ್ದಿರುತ್ತದೆ, ಗದ್ದೆಯ ಭತ್ತ ರಸ್ತೆಯಲ್ಲಿ ಬಿದ್ದಿರುತ್ತದೆ, ಇವೆರಡನ್ನೂ ಒಂದು ಟ್ರಾಲಿಯಲ್ಲಿ ಕೂರಿಸಿದ್ದಷ್ಟೇ ನಮ್ಮ ತಂತ್ರಜ್ಞಾನ ಎಂದಳು. ಸಭೆ ಚಪ್ಪಾಳೆ ಹೊಡೆಯಿತು. ಹಿಂದಿನ ಸಾಲಿನ ಒಬ್ಬ ರೈತರು ಎದ್ದು, ಸೋನಾ ಮಸೂರಿಗೆ ಎಷ್ಟು ಬಿಸಿ ಕೊಡ್ತೀರಿ ಎಂದು ಕೇಳಿದರು. ಅವಳು ಉತ್ತರ ಪರಶುರಾಮ ಹೇಳಲಿ ಎಂದು ಪಕ್ಕಕ್ಕೆ ತಿರುಗಿದಳು. ಪಕ್ಕದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಗೋಷ್ಠಿ ಮುಗಿದಿದ್ದೇ ಸೀದಾ ಸಂಘಟನಾ ಕಾರ್ಯದರ್ಶಿ ಸೈಫುಲ್ಲಾ ಅವರ ಟೇಬಲ್ಲಿಗೆ ಹೋದಳು. ಐವತ್ತು ದಾಟಿದ ಮನುಷ್ಯ, ಎರಡು ಫೋನು, ಎರಡೂ ಕಿವಿಯ ಹತ್ತಿರವೇ.

"ಬರ್ರಿ ಮೇಡಂ, ಕೂಡ್ರಿ. ಕಾರ್ಡಿನ ವಿಷಯಕ್ಕೆ ಮಾಫಿ ಇರಲಿ. ನಿಮ್ಮ ಅರ್ಜಿಯೊಳಗೆ ಆಯುಧ ಪೂಜೆ ದಿನದ್ದು ಫೋಟೋ ಇತ್ತು. ಮಷೀನಿಗೆ ಹಾರ, ಆ ಕಡೆ ಅವರು, ಈ ಕಡೆ ನೀವು, ಇಬ್ಬರ ಹಣೀಗೂ ಕುಂಕುಮ. ಕೆಳಗೆ ಒಂದೇ ಅಡ್ರೆಸ್ಸು. ನಾನು ಮತ್ತೇನು ತಿಳ್ಕೊಳ್ಳಲಿ? ಅದೂ ಅಲ್ದೆ ಕೊನೇ ಗಳಿಗೆಯೊಳಗೆ ನಾಲ್ಕು ಜನ ಗಣ್ಯರು ಜಾಸ್ತಿ ಆದ್ರು. ವಿನೋಬನಗರದ ಪ್ರೆಸ್‌ನೋರು ಎರಡು ಹೆಸರಿಗೆ ಜಾಗ ಇಲ್ಲ ಅಂದ್ರು. ದಂಪತಿ ಅಂತ ಹಾಕ್ರಿ, ಒಂದೇ ಸಾಲಿಗೆ ಬರ್ತೈತೆ ಅಂದೆ. ಈಗ ಸರಿ ಆಗೈತೆ, ನೋಡ್ರಿ."

ಹೊಸ ಪಟ್ಟಿ ಮುಂದೆ ಇಟ್ಟರು. 'ಕುಮಾರಿ ರಶ್ಮಿತಾ ಕೊಟ್ಟೂರಪ್ಪ, ಹರಿಹರ.' ಅಷ್ಟೇ.

"ಪರಶುರಾಮ್ ಹೆಸರು ಎಲ್ಲಿ?"

"ಅವರೇ ತೆಗೆಸಿದ್ರಲ್ಲ. ಸೋಮವಾರ ಬಂದಿದ್ರು. ಯಂತ್ರ ಪೂರ್ತಿ ಅವ್ರದ್ದು, ನಾನು ಟ್ರ್ಯಾಕ್ಟರ್ ಓಡಿಸೋನು ಅಂದ್ರು." ಸೈಫುಲ್ಲಾ ಒಂದು ಫೋನು ಕೆಳಗಿಟ್ಟು ದನಿ ತಗ್ಗಿಸಿದರು. "ಈ ಸುಗ್ಗಿ ಮುಗಿದ ಮೇಲೆ ಪಾಲು ಬಿಟ್ಟುಕೊಡ್ತೀನಿ, ನನ್ನ ಸಲುವಾಗಿ ಆ ಹೆಣ್ಣುಮಗಳ ಹೆಸರು ಊರ ಬಾಯಿಗೆ ಬೀಳಬಾರ್ದು ಅಂದ್ರು. ನಿಮಗೆ ಗೊತ್ತಿಲ್ಲೇನು?"

ರಶ್ಮಿತಾ ಟೇಬಲ್ಲಿನ ಅಂಚು ಹಿಡಿದುಕೊಂಡಳು. ಸೋಮವಾರದ ಆ ನೀಲಿ ಅಂಗಿ, ಆ ಶೇವಿಂಗು, ಒಳಗೆ ಹೋದ ನಗು, ಎಲ್ಲವೂ ಈಗ ಅರ್ಥವಾಯಿತು. ತನ್ನ ಹೆಸರು ಹೋಯಿತೆಂದು ಕೂಗಾಡಿದವಳಿಗೆ ಅವನ ಹೆಸರನ್ನು ತಾನೇ ಅಳಿಸಿದ್ದು ಗೊತ್ತಾಗಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಸನ್ಮಾನ. ಅದು ಹೀಗೇ ನಡೆದುಹೋದರೆ ಅವನು ಕೊಟ್ಟ ಮಾತಿಗೆ ಕಟ್ಟುಬಿದ್ದು ಹೊರಟೇ ಹೋಗುತ್ತಾನೆ, ಅಷ್ಟು ಅವಳಿಗೆ ಖಾತ್ರಿಯಿತ್ತು. ಅವಳು ಯಾವತ್ತೂ ಯಾವುದಕ್ಕೂ ಹೆದರಿದವಳಲ್ಲ. ಆ ಟೇಬಲ್ಲಿನ ಮುಂದೆ ನಿಂತು ಹೆದರಿದಳು.

ಅವನು ಹಾಲಿನ ಹಿಂದೆ, ಪ್ರದರ್ಶನದ ಜಾಗದಲ್ಲಿ ಯಂತ್ರ ನಡೆಸುತ್ತಿದ್ದ. ಎತ್ತಿ ಕಟ್ಟಿದ ಲುಂಗಿ, ಹಳೇ ಬನಿಯನ್ನು, ಕೈತುಂಬ ಹೊಟ್ಟಿನ ಬೂದಿ. ಶಿವಮೊಗ್ಗದ ಕಡೆಯ ಯಾರೋ ಇಬ್ಬರು ಯಂತ್ರ ಯಾರದ್ದು ಎಂದು ಕೇಳುತ್ತಿದ್ದರು.

"ಮೇಡಂದ್ರಿ. ಒಳಗದಾರೆ," ಎಂದ.

"ಮೇಡಂ ಇಲ್ಲೇ ಅದಾರೆ," ಎಂದಳು ರಶ್ಮಿತಾ ಹಿಂದಿನಿಂದ. "ಯಂತ್ರ ಇಬ್ಬರದ್ದೂ. ಅಣ್ಣಾರ, ಒಂದು ಹತ್ತು ನಿಮಿಷ ಬಿಟ್ಟು ಬರ್ರಿ, ನಮ್ಮೊಳಗೆ ಒಂದು ಮೀಟಿಂಗ್ ಐತೆ."

ಅವರು ನಗುತ್ತಾ ಪಕ್ಕದ ಡ್ರೋನ್ ಸ್ಟಾಲಿಗೆ ಹೋದರು. ಪರಶುರಾಮ ಒಲೆಗೆ ಹೊಟ್ಟು ಸುರಿಯುವ ನೆಪದಲ್ಲಿ ಬಗ್ಗಿದ.

"ನಿಮಗೆ ಯಾರು ಹೇಳಿದ್ರು ಹೆಸರು ತೆಗೆಸಿ ಅಂತ?"

"ನೀವೇ ಹೇಳಿದ್ರಲ್ಲ. ತಪ್ಪಾಗೈತೆ, ಸರಿ ಮಾಡಿಸ್ಬೇಕು ಅಂತ."

"ನನ್ನ ಹೆಸರು ಇರ್ಲಿಲ್ಲ, ಅದು ತಪ್ಪು ಅಂದೆ. ನೀವು ಅದನ್ನ ಸರಿ ಮಾಡೋಕೆ ಹೋಗಿ ನಿಮ್ಮ ಹೆಸರನ್ನೇ ತೆಗೆಸಿ ಬಂದೀರಿ. ಒಂದು ಕಣ್ಣು ಮಂಜಾಗೈತೆ ಅಂತ ತೋರ್ಸಿದ್ರೆ ಇನ್ನೊಂದು ಕಣ್ಣು ಕಿತ್ಕೊಂಡು ಬರೋ ಡಾಕ್ಟ್ರು ನೀವು."

ಅವನು ಬಗ್ಗಿದಲ್ಲೇ ತಡೆದ. "ಹಂಗಾದ್ರೆ ದಂಪತಿ ಅಂತ ಹಾಕಿದ್ದು?"

"ಅದು ತಪ್ಪು ಅಂತ ನಾನು ಯಾವಾಗ ಹೇಳ್ದೆ?"

ಫ್ಯಾನು ಗುಂಯ್ ಅನ್ನುತ್ತಿತ್ತು. ಪರಶುರಾಮ ನೆಟ್ಟಗೆ ನಿಂತ. ಕೈಯಲ್ಲಿದ್ದ ಸಲಿಕೆ ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮಾಡಿ ಕೊನೆಗೆ ಹಿಡಿದುಕೊಂಡೇ ನಿಂತ. ಅವಳ ಕಣ್ಣು ತಪ್ಪಿಸಲು ನೋಡಿದ, ಅವಳು ಬಿಡಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಅವನ ಎದುರಿಗೇ ನಿಂತಳು. ಅವನ ರೆಪ್ಪೆಗಳ ಮೇಲೂ ಬೂದಿ ಕೂತಿತ್ತು.

"ನಿಮ್ಮ ಅಪ್ಪಾಜಿ," ಎಂದು ಶುರು ಮಾಡಿದ.

"ಅಪ್ಪಾಜಿ ಹತ್ರ ನಾನು ಮಾತಾಡ್ತೀನಿ. ನನ್ನ ಹತ್ರ ನೀವು ಮಾತಾಡ್ರಿ."

ಅವನು ಸಲಿಕೆಗೆ ಅಂಟಿದ ಬೂದಿ ಕೊಡವಿದ. ಆಮೇಲೆ ಮಾತು ಬಂತು, ಅವಳಿಗಲ್ಲ ಸಲಿಕೆಗೆ ಹೇಳುವಂತೆ. "ಕಾರ್ಡ್ ಬಂದ ದಿನ ನಮ್ಮವ್ವಗೆ ಓದಿ ಹೇಳ್ದೆ. ಇನ್ನೊಂದ್ಸಲ ಓದು ಅಂದ್ಲು. ಓದಿದೆ. ಮೂರನೇ ಸಲ ಅವಳು ಕೇಳ್ಲಿಲ್ಲ, ನಾನೇ ಓದ್ಕೊಂಡೆ. ಎರಡು ವರ್ಷದಿಂದ ಯಾರ ಹೊಲದ ಕಾಳು ಕೊಟ್ರೂ ಕಚ್ಚಿ ತೇವ ಹೇಳ್ತೀನಿ, ನಿಮ್ಮ ಮನಸ್ಸಿನಾಗ ಏನೈತೆ ಅಂತ ಒಂದಿನಾನೂ ಗೊತ್ತಾಗ್ಲಿಲ್ಲ ನಂಗೆ. ಆವತ್ತು ಅಚ್ಚಾಗಿದ್ದು ನೋಡಿ ತಲೆ ತಿರುಗ್ತು. ಹೊಸ ಅಂಗಿ ಹಾಕ್ಕೊಂಡು ನಗಿಸೋಣ ಅಂತ ಬಂದೆ. ನೀವು ನಗ್ತೀರಿ, ಆಮೇಲೆ ಹೇಳೋಣ ಅಂತಿದ್ದೆ."

"ಏನಂತ?"

"ನೀವಿಲ್ದೆ ಈ ಯಂತ್ರ ನಡೀತೈತೆ ಮೇಡಂ, ಕಲ್ತೀನಿ. ನಾನು ನಡೆಯಲ್ಲ."

ರಶ್ಮಿತಾ ಅವನ ಕೈಯಿಂದ ಸಲಿಕೆ ತೆಗೆದು ಕೆಳಗಿಟ್ಟಳು. ಮುಂದಿನ ಮಾತು ಹಗುರಾಗಿ ಆಡಬೇಕೆಂದು ಎಷ್ಟು ಪ್ರಯತ್ನಿಸಿದರೂ ದನಿ ನಡುಗಿತು. "ಮೇಡಂ ಅನ್ನೋದು ಬಿಡ್ರಿ ಮೊದ್ಲು. ಮೀಟರ್ ಹಿಡ್ಕೊಂಡು ವಾರಕ್ಕೆ ನಾಲ್ಕು ಸಲ ಭಾನುವಳ್ಳಿಗೆ ಬರ್ತಿದ್ನಲ್ಲ, ಭತ್ತ ನೋಡೋಕೆ ಬರ್ತಿದ್ದೆ ಅಂದ್ಕೊಂಡ್ರಾ?"

ಅವನ ಎಡಗಡೆಯ ಹುಬ್ಬು ಮೆಲ್ಲಗೆ ಏರಿತು. ಇಬ್ಬರೂ ನಕ್ಕರು. ಡ್ರೋನ್ ಸ್ಟಾಲಿನವರು ಈ ಕಡೆ ತಿರುಗಿ ನೋಡಿದರು, ನೋಡಲಿ ಎಂದುಕೊಂಡಳು.

ಊಟದ ಹೊತ್ತಿಗೆ ಅಪ್ಪ ಬಂದರು. ಕಬ್ಬಿಣ ವ್ಯಾಪಾರಿಗಳ ಸಂಘದ ಕಡೆಯಿಂದ ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿಯಿತ್ತು. ತಟ್ಟೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಹಾಕಿಕೊಂಡು ನಿಂತಿದ್ದವರ ಪಕ್ಕ ಹೋಗಿ ರಶ್ಮಿತಾ ಸುತ್ತಿಬಳಸದೆ ಹೇಳಿದಳು.

"ಅಪ್ಪಾಜಿ, ಕಾರ್ಡಿನೊಳಗೆ ಬಂದಿದ್ದು ಸುಳ್ಳು. ಆದ್ರೆ ಅದನ್ನ ಖರೆ ಮಾಡ್ಬೇಕು ಅಂತ ಐತೆ ನಂಗೆ. ಪರಶುರಾಮ್ ಬಿಟ್ಟು ಬ್ಯಾರೆ ಯಾರನ್ನೂ ನಾನು ಮದುವಿ ಆಗಲ್ಲ. ನಿಮಗೆ ಕದ್ದು ಮಾಡಲ್ಲ, ಅದಕ್ಕೇ ಹೇಳ್ತಿದೀನಿ."

ಕೊಟ್ಟೂರಪ್ಪ ರೊಟ್ಟಿ ಮುರಿದರು. ಅಗಿದರು. ನುಂಗಿದರು. "ಅವರು ಯಾವ ಜನ ಅಂತ ಗೊತ್ತೈತಿಲ್ಲ ನಿಂಗೆ?"

"ಗೊತ್ತೈತೆ."

"ನಮ್ಮ ಬೀಗರು ಬಿಜ್ಜರು ಏನಂತಾರೆ ಅಂತಾನೂ ಗೊತ್ತೈತಿಲ್ಲ?"

"ಅದೂ ಗೊತ್ತೈತೆ."

"ಹೋಗು, ಊಟ ಮಾಡು," ಎಂದರು. ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ಅವಳು ಎದುರು ಮಾತಾಡುತ್ತಿದ್ದಳು, ಅಪ್ಪನೊಂದಿಗೆ ಜಗಳವಾಡಿ ಗೆದ್ದು ಅಭ್ಯಾಸವಿತ್ತು. ಈ ಮೌನಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಊಟ ಸೇರಲಿಲ್ಲ.

ಮೂರೂಕಾಲಿಗೆ ಸನ್ಮಾನ ಶುರುವಾಯಿತು. ನಿರೂಪಣೆ ಮೆಹರ್ ಬಾನು ಅವರದು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು, ದನಿ ಗಂಟೆ ಬಾರಿಸಿದ ಹಾಗೆ. ವೇದಿಕೆಯ ನಡುವೆ ಸನ್ಮಾನಿತರಿಗೆಂದು ಕುರ್ಚಿ ಹಾಕಿದ್ದರು. ಗಂಡ ಹೆಂಡಿರಾದರೆ ಎರಡು, ಒಬ್ಬರೇ ಆದರೆ ಒಂದು. "ಕುಮಾರಿ ರಶ್ಮಿತಾ ಕೊಟ್ಟೂರಪ್ಪ," ಎಂದು ಕರೆದಾಗ ನಡುವೆ ಒಂದೇ ಕುರ್ಚಿ ಉಳಿದಿತ್ತು.

ರಶ್ಮಿತಾ ಒಬ್ಬಳೇ ಬರಲಿಲ್ಲ. ಮೈಗೆ ಅಂಗಿ ಏರಿಸಿಕೊಳ್ಳಲು ಮಾತ್ರ ಬಿಟ್ಟು, ಬೂದಿಗೈಯ ಪರಶುರಾಮನ ಮಣಿಕಟ್ಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಸೈಫುಲ್ಲಾ ಪಟ್ಟಿ ನೋಡಿದರು, ಕುರ್ಚಿ ನೋಡಿದರು, ಮೇಲೆ ನೋಡಿದರು.

ಅವಳು ಮೈಕಿನ ಹತ್ತಿರ ಹೋದಳು. "ಒಂದು ನಿಮಿಷ ತಗೊಳ್ತೀನಿ. ಈ ಯಂತ್ರ ನಾನು ಮಾಡೀನಿ. ಕೆಲಸ ಮಾಡೋ ಹಂಗೆ ಮಾಡಿದ್ದು ಇವರು. ನೀವು ಮೊದ್ಲು ಇವರ ಹೆಸರು ಹಾಕಿ ನಂದು ಬಿಟ್ರಿ, ಆಮೇಲೆ ನಂದು ಹಾಕಿ ಇವರದ್ದು ಬಿಟ್ರಿ. ಎರಡೂ ಹೆಸರು ಓದಿದ್ರೆ ಸನ್ಮಾನ ತಗೊಳ್ತೀವಿ. ಇಲ್ಲ ಅಂದ್ರೆ ಇಬ್ಬರೂ ಕೆಳಗಿಳಿದು ಹೋಗ್ತೀವಿ, ಒಲೆ ಉರೀತೈತೆ ಅಲ್ಲಿ."

ಸಭೆ ನಕ್ಕಿತು, ಹಿಂದಿನಿಂದ ಚಪ್ಪಾಳೆ ಬಂತು. ಮೆಹರ್ ಬಾನು ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದರು, "ದಂಪತಿ ಅಂತ ಓದ್ಲಾ, ಬ್ಯಾಡ್ವಾ?"

"ಈಗ ಎರಡು ಹೆಸರು ಅಷ್ಟೇ ಓದ್ರಿ," ಎಂದಳು ರಶ್ಮಿತಾ. "ಅದಕ್ಕೆ ಬ್ಯಾರೆ ಕಾರ್ಡ್ ಹಾಕಿಸ್ತೀವಿ."

ಪಕ್ಕದಲ್ಲಿದ್ದ ಪರಶುರಾಮನ ಮುಖ ಕಿವಿಯವರೆಗೆ ಕೆಂಪಾಯಿತು. ಮೆಹರ್ ಬಾನು ನಗು ತಡೆದುಕೊಂಡು ಓದಿದರು, ಒಂದೊಂದು ಅಕ್ಷರವನ್ನೂ ಬಿಡಿಸಿ. "ರಶ್ಮಿತಾ ಕೊಟ್ಟೂರಪ್ಪ, ಹರಿಹರ. ಪರಶುರಾಮ ಮಾರಪ್ಪ, ಭಾನುವಳ್ಳಿ." ಸೈಫುಲ್ಲಾ ಓಡಾಡಿ ಇನ್ನೊಂದು ಶಾಲು ಹುಡುಕಿ ತಂದರು, ಬಾರದೇ ಹೋದ ಒಬ್ಬ ಗಣ್ಯರದು. ಕುರ್ಚಿ ಮಾತ್ರ ಸಿಗಲಿಲ್ಲ. ವೇದಿಕೆಯ ಮೇಲಿನ ಗಣ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಏಳಲಿಲ್ಲ. ಪರಶುರಾಮ "ನೀವು ಕೂಡ್ರಿ, ನಾನು ನಿಂತಿರ್ತೀನಿ," ಎಂದ. "ಕೂತ್ರೆ ಇಬ್ಬರೂ," ಎಂದಳು ರಶ್ಮಿತಾ. ಇಬ್ಬರೂ ನಿಂತೇ ಇದ್ದರು.

ಮುಂದಿನ ಸಾಲಿನಲ್ಲಿ ಯಾರೋ ಎದ್ದರು. ಕೊಟ್ಟೂರಪ್ಪ. ಹೊರಟುಹೋಗುತ್ತಾರೆ ಎಂದುಕೊಂಡಳು ರಶ್ಮಿತಾ. ಅವರು ಬಾಗಿಲ ಕಡೆ ತಿರುಗಲಿಲ್ಲ. ತಾವು ಕೂತಿದ್ದ ಕುರ್ಚಿಯನ್ನೇ ಎರಡೂ ಕೈಯಲ್ಲಿ ಎತ್ತಿಕೊಂಡರು. ಅರವತ್ತೆರಡರ ಮಂಡಿನೋವಿನ ಮನುಷ್ಯ, ಒಂದೊಂದೇ ಮೆಟ್ಟಿಲು ಹತ್ತಿ ಬಂದು ಆ ಕುರ್ಚಿಯನ್ನು ಮಗಳ ಕುರ್ಚಿಯ ಪಕ್ಕಕ್ಕೆ ತಂದಿಟ್ಟರು. ಅಂತರ ಜಾಸ್ತಿಯಾಯಿತು ಅನಿಸಿತೇನೋ, ಕಾಲಿನಿಂದ ಸ್ವಲ್ಪ ಹತ್ತಿರ ತಳ್ಳಿದರು.

"ಕೂಡ್ರಪಾ," ಎಂದರು ಪರಶುರಾಮನಿಗೆ. ಆಮೇಲೆ ಮಗಳ ಕಿವಿಯ ಹತ್ತಿರ, "ಕಾರ್ಡಿನೊಳಗೆ ನನ್ನ ಹೆಸರು ಮ್ಯಾಲೆ ಬರಬೇಕು ಮತ್ತೆ."

ರಶ್ಮಿತಾ ಹೂಂ ಅನ್ನಲು ಹೋದಳು, ಅಳು ಬಂತು. ಇಬ್ಬರೂ ಕೂತರು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಫೋಟೋದವನು ಈ ಕಡೆ ನೋಡ್ರಿ ಎಂದು ಮೂರು ಸಲ ಕೂಗಿದ. ಕೆಳಗೆ ಮುಂದಿನ ಸಾಲಿನಲ್ಲಿ ಬೇರೆ ಕುರ್ಚಿ ಖಾಲಿಯಿರಲಿಲ್ಲ. ಕೊಟ್ಟೂರಪ್ಪ ಕಾರ್ಯಕ್ರಮ ಮುಗಿಯುವವರೆಗೂ ಗೋಡೆಯ ಪಕ್ಕ ನಿಂತೇ ಇದ್ದರು.